ಸಾಲ ತೀರಿಸುತ್ತಲೇ ದಿನದ ಖರ್ಚು ಹಿಡಿತಕ್ಕೆ ತರುವುದು: ಯಾವುದು ಮೊದಲು, ಯಾವುದು ಆಮೇಲೆ

ಸಂಬಳ ಬಂದ ದಿನ ಹುರುಪಿನಿಂದ ದೊಡ್ಡ ಮೊತ್ತವನ್ನು ಸಾಲಕ್ಕೆ ಕಟ್ಟುತ್ತಾರೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಕೈ ಖಾಲಿ. ಮತ್ತೆ ಅದೇ ಕಾರ್ಡ್ ಉಜ್ಜುತ್ತಾರೆ, ಇಲ್ಲವೇ ಯಾರ ಹತ್ತಿರವಾದರೂ ಕೈಸಾಲ ಕೇಳುತ್ತಾರೆ. ತಿಂಗಳ ಕೊನೆಗೆ ನೋಡಿದರೆ ಸಾಲ ಇದ್ದಲ್ಲೇ ಇದೆ. ಎರಡು ಮೂರು ತಿಂಗಳು ಹೀಗಾದ ಮೇಲೆ ‘ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಇಂಥವರಲ್ಲಿ ಬಹಳ ಜನರಿಗೆ ಮನಸ್ಸೂ ಇತ್ತು, ಒಂದಿಷ್ಟು ಹಣವೂ ಇತ್ತು. ಕ್ರಮ ತಪ್ಪಿತ್ತು, ಅಷ್ಟೇ. ಖರ್ಚು ಎಷ್ಟು ಅಂತ ಗೊತ್ತಿಲ್ಲದೆ ಸಾಲಕ್ಕೆ ಕಟ್ಟಿದರೆ, ಆ ಹಣ ಬೇರೆ ದಾರಿಯಿಂದ ಸಾಲವಾಗಿಯೇ ವಾಪಸ್ ಬರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ದೊಡ್ಡ ಮೊತ್ತ ಕಟ್ಟುವ ಹಂತ ಆರನೆಯದು. ಅಲ್ಲಿಗೆ ನೇರವಾಗಿ ಜಿಗಿಯಬೇಕು ಅನ್ನಿಸುತ್ತದೆ, ಜಿಗಿಯಬೇಡಿ.

## ಮೊದಲು ಕೈಗೆ ಇಟ್ಟುಕೊಳ್ಳಬೇಕಾದದ್ದು

ಒಂದು ಉದ್ದ ಪುಸ್ತಕ, ಪೆನ್ನು, ಕ್ಯಾಲ್ಕುಲೇಟರ್. ಎಲ್ಲ ಬ್ಯಾಂಕ್ ಖಾತೆ ಮತ್ತು ಕಾರ್ಡ್‌ಗಳ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್. ಸಾಲ ತೆಗೆದುಕೊಂಡಾಗ ಸಹಿ ಹಾಕಿದ ಕರಾರು ಪತ್ರಗಳು. ಸಂಬಳ ಬರುವ ಖಾತೆಯ ಜೊತೆಗೆ ಇನ್ನೊಂದು ಖಾತೆ.

ಖರ್ಚು ಬರೆಯುವ ಆ್ಯಪ್‌ಗಳು ಬೇಕಾದಷ್ಟಿವೆ. ಅವು ಬೇಡ ಅಂತಲ್ಲ. ಆದರೆ ಆ್ಯಪ್ ತಾನಾಗಿಯೇ ಲೆಕ್ಕ ಹಿಡಿದರೆ ನಾವು ಅದನ್ನು ತೆರೆದೂ ನೋಡುವುದಿಲ್ಲ. ಕೈಯಲ್ಲಿ ಬರೆದದ್ದು ಕಣ್ಣಿಗೆ ಬೀಳುತ್ತದೆ. ಮೊದಲ ಮೂರು ತಿಂಗಳು ಪುಸ್ತಕವೇ ಇರಲಿ.

## ಹಂತ 1: ಹೊಸ ಸಾಲ ಬರುವ ದಾರಿ ಮುಚ್ಚಿ

ಇವತ್ತೇ ಮಾಡಬಹುದಾದ ಕೆಲಸ ಇದು. ಕ್ರೆಡಿಟ್ ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ. ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸಿ. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುವ ಸೌಲಭ್ಯ ಚಾಲೂ ಇದ್ದರೆ ನಿಲ್ಲಿಸಿ. ತಕ್ಷಣ ಸಾಲ ಕೊಡುವ ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ. ಅವುಗಳ ಬಾಕಿ ಇದ್ದರೆ ಮಾತ್ರ ಕಟ್ಟಿ ಮುಗಿಸುವವರೆಗೆ ಇರಲಿ.

ಕಾರ್ಡನ್ನು ಕತ್ತರಿಸಬೇಕಾ? ಬೇಕಿಲ್ಲ. ಅದು ಸುಲಭಕ್ಕೆ ಕೈಗೆ ಸಿಗದಂತಿದ್ದರೆ ಸಾಕು. ಕಾರ್ಡ್ ತರಲು ಎದ್ದು ಹೋಗಬೇಕು, ನಂಬರ್ ನೋಡಿ ಟೈಪ್ ಮಾಡಬೇಕು ಅಂದಾಗ ಎಷ್ಟೋ ಖರೀದಿಗಳು ಅಲ್ಲೇ ಬಿದ್ದುಹೋಗುತ್ತವೆ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ಹಳೇ ಬಾಕಿ ಇರುವ ಕಾರ್ಡಿನಲ್ಲೇ ‘ಸಣ್ಣಪುಟ್ಟ ಖರ್ಚು ತಾನೇ’ ಅಂತ ಹೊಸ ಖರ್ಚು ಮಾಡುವುದು. ಬಾಕಿಯನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಬಡ್ಡಿ ಇಲ್ಲದ ದಿನಗಳು ಸಿಗುತ್ತವೆ. ಬಾಕಿ ಉಳಿಸಿಕೊಂಡವರಿಗೆ ಬಹುತೇಕ ಕಾರ್ಡ್‌ಗಳಲ್ಲಿ ಹೊಸ ಖರೀದಿಗೂ ಖರೀದಿಸಿದ ದಿನದಿಂದಲೇ ಬಡ್ಡಿ ಶುರು. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿಯ ಜೊತೆ ಶುಲ್ಕವೂ ಬೀಳುತ್ತದೆ.

## ಹಂತ 2: ಎಲ್ಲ ಸಾಲವನ್ನೂ ಒಂದೇ ಹಾಳೆಗೆ ಇಳಿಸಿ

ಹಾಳೆಯಲ್ಲಿ ಉದ್ದುದ್ದ ಗೆರೆ ಎಳೆದು ಆರು ಕಾಲಂ ಮಾಡಿ: ಯಾರಿಗೆ, ಇವತ್ತಿನ ಬಾಕಿ, ವರ್ಷದ ಬಡ್ಡಿ, ತಿಂಗಳ ಕಂತು, ಕಟ್ಟುವ ತಾರೀಖು, ತಪ್ಪಿದರೆ ಏನಾಗುತ್ತದೆ. ಗೆಳೆಯರಿಂದ, ನೆಂಟರಿಂದ ತಂದದ್ದೂ ಬರಲಿ. ಬಡ್ಡಿ ಇಲ್ಲ ಅಂತ ಜನ ಅದನ್ನು ಬರೆಯದೆ ಬಿಡುತ್ತಾರೆ. ಆಮೇಲೆ ಅವರು ಒಂದು ದಿನ ದಿಢೀರ್ ಅಂತ ಕೇಳಿದಾಗ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಮೂರನೇ ಕಾಲಂ, ಅಂದರೆ ಬಡ್ಡಿ, ಸ್ವಲ್ಪ ನಿಧಾನವಾಗಿ ತುಂಬಿ. ಮೋಸ ಹೋಗುವುದು ಇಲ್ಲೇ.

ಒಂದು, ತಿಂಗಳ ಬಡ್ಡಿಯನ್ನು ವರ್ಷದ ಬಡ್ಡಿ ಅಂದುಕೊಳ್ಳುವುದು. ‘ಬರೀ ಶೇ 3’ ಅಂದಾಗ ತಿಂಗಳಿಗಾ ವರ್ಷಕ್ಕಾ ಅಂತ ಕೇಳಿ. ತಿಂಗಳಿಗೆ ಶೇ 3 ಅಂದರೆ ವರ್ಷಕ್ಕೆ ಶೇ 36. ಬಡ್ಡಿಗೆ ಬಡ್ಡಿ ಸೇರಿದರೆ ಶೇ 42 ದಾಟುತ್ತದೆ. ಏನೂ ಕಟ್ಟದೆ ಕೂತರೆ ಎರಡು ವರ್ಷಕ್ಕೆ ಸಾಲ ಎರಡರಷ್ಟಾಗುತ್ತದೆ. ದಂಡ ಬೇರೆ.

ಇನ್ನೊಂದು, ಫ್ಲಾಟ್ ಬಡ್ಡಿ, ಅಂದರೆ ಅಸಲು ಇಳಿಯುತ್ತಾ ಹೋದರೂ ಮೊದಲು ತೆಗೆದುಕೊಂಡ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ. ಒಂದು ಉದಾಹರಣೆ ನೋಡಿ. 1,20,000 ಸಾಲ, 12 ತಿಂಗಳು, ಶೇ 12 ಫ್ಲಾಟ್. ಬಡ್ಡಿ 14,400 ಆಯಿತು, ತಿಂಗಳ ಕಂತು 11,200. ಪ್ರತಿ ತಿಂಗಳೂ ನೀವು ಅಸಲಿನಲ್ಲಿ 10,000 ವಾಪಸ್ ಕೊಡುತ್ತಿದ್ದೀರಿ. ಕೊನೆಯ ತಿಂಗಳು ನಿಮ್ಮ ಕೈಯಲ್ಲಿ ಉಳಿದಿರುವ ಅಸಲು 10,000 ಮಾತ್ರ. ಆದರೆ ಬಡ್ಡಿ ಮಾತ್ರ ಆಗಲೂ ಪೂರ್ತಿ 1,20,000ದ ಮೇಲೇ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಸಾಲದ ನಿಜವಾದ ಬಡ್ಡಿ ಶೇ 21ಕ್ಕಿಂತ ಜಾಸ್ತಿ. ಕರಾರು ಪತ್ರದಲ್ಲಿ ‘ಫ್ಲಾಟ್’ ಅಂತ ಕಂಡರೆ ಆ ಸಂಖ್ಯೆಯನ್ನು ಹಾಗೇ ನಂಬಬೇಡಿ.

ಹಾಳೆ ತುಂಬಿದ ಮೇಲೆ ಕೆಳಗೆ ಒಟ್ಟು ಮೊತ್ತ ಬರೆಯಿರಿ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಮನೆಯಲ್ಲಿ ಜೊತೆಗೆ ಸಂಸಾರ ಮಾಡುವವರಿಗೆ ಈ ಹಾಳೆ ತೋರಿಸಿ. ಒಬ್ಬರು ಮುಚ್ಚಿಟ್ಟು ತೀರಿಸುವ ಸಾಲ ಬೇಗ ತೀರುವುದಿಲ್ಲ, ಯಾಕಂದರೆ ಖರ್ಚು ಇಬ್ಬರದೂ ಇರುತ್ತದೆ.

## ಹಂತ 3: ಒಂದು ತಿಂಗಳು ಖರ್ಚು ಬರೆಯಿರಿ, ಏನನ್ನೂ ಬದಲಿಸಬೇಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಎಲ್ಲರಿಗೂ ಗೊತ್ತು. ಹಾಸಿಗೆ ಎಷ್ಟುದ್ದ ಅಂತ ಅಳೆದವರು ಕಡಿಮೆ. ಈ ತಿಂಗಳು ಅಳೆಯುವುದಷ್ಟೇ ಕೆಲಸ. ಎಲ್ಲ ಸಾಲದ ಮಾಮೂಲಿ ಕಂತು ಕಟ್ಟಿ, ಹೆಚ್ಚಿಗೆ ಏನೂ ಕಟ್ಟಬೇಡಿ. ಖರ್ಚನ್ನೂ ಬೇಕೆಂದೇ ಕಡಿತ ಮಾಡಬೇಡಿ. ಬರೆಯಲು ಶುರು ಮಾಡಿದ ತಿಂಗಳೇ ಎಲ್ಲವನ್ನೂ ಬಿಗಿ ಹಿಡಿದರೆ ಪುಸ್ತಕದಲ್ಲಿ ಬರುವುದು ಸುಳ್ಳು ಲೆಕ್ಕ.

ಮೊತ್ತದ ಜೊತೆ ಹೊತ್ತು ಮತ್ತು ಸಂದರ್ಭವನ್ನೂ ಬರೆಯಿರಿ. ‘ಊಟ, 250’ ಅಂತ ಬರೆದರೆ ಅದರಿಂದ ಕಲಿಯುವುದು ಏನೂ ಇಲ್ಲ. ‘ಊಟ, 250, ರಾತ್ರಿ 9, ತಡವಾಗಿ ಬಂದೆ, ಅಡುಗೆ ಮಾಡಲು ಮನಸ್ಸಾಗಲಿಲ್ಲ’ ಅಂತ ಬರೆದರೆ ತಿಂಗಳ ಕೊನೆಗೆ ಒಂದು ಚಿತ್ರ ಕಾಣುತ್ತದೆ. ಅಂಥ ಸಾಲು ಮಂಗಳವಾರ, ಗುರುವಾರ, ಮತ್ತೆ ಮಂಗಳವಾರ ಬಂದಿದ್ದರೆ ಸಮಸ್ಯೆ ಊಟದ್ದಲ್ಲ, ಆ ಎರಡು ದಿನಗಳ ಕೆಲಸದ ಹೊತ್ತಿನದು. ಆ ದಿನಗಳಿಗೆ ಹಿಂದಿನ ರಾತ್ರಿಯೇ ಏನಾದರೂ ಮಾಡಿಟ್ಟರೆ ಆಯಿತು. ‘ಹೊರಗೆ ತಿನ್ನಲ್ಲ’ ಅಂತ ಶಪಥ ಮಾಡುವ ಅಗತ್ಯವೇ ಬರುವುದಿಲ್ಲ.

ತಿಂಗಳು ಮುಗಿದ ಮೇಲೆ ಸ್ಟೇಟ್‌ಮೆಂಟ್‌ಗಳನ್ನು ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿ. ಪುಸ್ತಕದಲ್ಲಿಲ್ಲದ ಕಡಿತಗಳು ಕಾಣುತ್ತವೆ: ಯಾವತ್ತೋ ಉಚಿತ ಅಂತ ಶುರು ಮಾಡಿದ ಚಂದಾ, ಬಳಸದ ಆ್ಯಪ್‌ನ ವಾರ್ಷಿಕ ಶುಲ್ಕ, ಸಾಲದ ಜೊತೆ ಅಂಟಿಸಿದ ವಿಮೆ, ತಡವಾಗಿ ಕಟ್ಟಿದ್ದಕ್ಕೆ ದಂಡ. ಇವನ್ನು ಮೊದಲು ನಿಲ್ಲಿಸಿ. ನಾಲಿಗೆಗೂ ಮೈಗೂ ಏನೂ ಕಷ್ಟ ಕೊಡದೆ ಸಿಗುವ ಉಳಿತಾಯ ಇದೊಂದೇ.

## ಹಂತ 4: ಚಿಕ್ಕದೊಂದು ಆಪತ್ತಿನ ಹಣ ಕೂಡಿಡಿ

ಶೇ 36 ಬಡ್ಡಿಯ ಸಾಲ ಇರುವಾಗ ಹಣ ಕೂಡಿಡುವುದು ದಡ್ಡತನ ಅಲ್ವಾ ಅಂತ ಕೇಳುವವರಿದ್ದಾರೆ. ಲೆಕ್ಕದ ಪ್ರಕಾರ ಹೌದು. 10,000 ಪಕ್ಕಕ್ಕಿಟ್ಟರೆ ಅದನ್ನು ಸಾಲಕ್ಕೆ ಕಟ್ಟದ ಕಾರಣಕ್ಕೆ ತಿಂಗಳಿಗೆ 300 ಬಡ್ಡಿ ಹೆಚ್ಚು ಬೀಳುತ್ತದೆ. ಆದರೆ ಗಾಡಿ ಕೆಟ್ಟ ದಿನ, ಮಗುವಿಗೆ ಜ್ವರ ಬಂದ ದಿನ ಕೈಯಲ್ಲಿ ಹಣ ಇಲ್ಲದಿದ್ದರೆ ಬೀರುವಿನ ಕಾರ್ಡ್ ಹೊರಗೆ ಬರುತ್ತದೆ. ಒಮ್ಮೆ ಬಂದ ಕಾರ್ಡ್ ಮತ್ತೆ ಒಳಗೆ ಹೋಗುವುದು ಕಷ್ಟ. ಆ 300 ಇದಕ್ಕೆ ತೆರುವ ಬೆಲೆ ಅಂದುಕೊಳ್ಳಿ.

ಎಷ್ಟು ಬೇಕು? ಒಂದು ತಿಂಗಳ ಅಗತ್ಯ ಖರ್ಚಿನ ಅರ್ಧದಷ್ಟು ಸಾಕು. ಸಾಲ ಇರುವಾಗ ಅದಕ್ಕಿಂತ ಜಾಸ್ತಿ ಬೇಡ. ಸಂಬಳ ನಿಂತು ನಿಂತು ಬರುವವರಾದರೆ ಒಂದು ಪೂರ್ತಿ ತಿಂಗಳಿನದು ಇಟ್ಟುಕೊಳ್ಳಿ. ಬಳಸದ ವಸ್ತು ಮಾರಿ, ಹಂತ 3ರಲ್ಲಿ ನಿಲ್ಲಿಸಿದ ಕಡಿತಗಳನ್ನು ಸೇರಿಸಿ, ಬೇಗ ಕೂಡಿಸಿ.

ಆಪತ್ತು ಬೇರೆ, ವರ್ಷಕ್ಕೊಮ್ಮೆ ಬರುವ ಖರ್ಚು ಬೇರೆ. ಶಾಲೆಯ ಫೀಸು, ವಿಮೆ ಕಂತು, ಹಬ್ಬ, ಗಾಡಿ ರಿಪೇರಿ ಇವೆಲ್ಲ ಬರುತ್ತವೆ ಅಂತ ಮೊದಲೇ ಗೊತ್ತಿರುತ್ತದೆ. ಹಿಂದಿನ ವರ್ಷ ಇವಕ್ಕೆ ಆದದ್ದನ್ನು ಕೂಡಿ 12ರಿಂದ ಭಾಗಿಸಿ. ಅಷ್ಟನ್ನು ಪ್ರತಿ ತಿಂಗಳು ತೆಗೆದಿಡಿ. ಈ ಒಂದು ಲೆಕ್ಕ ಬಿಟ್ಟವರ ಯೋಜನೆ ಆರನೇ ಏಳನೇ ತಿಂಗಳಿಗೆ ಮುರಿದುಬೀಳುತ್ತದೆ.

## ಹಂತ 5: ದಿನದ ಖರ್ಚಿಗೆ ವಾರದ ಮಿತಿ

ಕೈಗೆ ಬರುವ ಹಣದಿಂದ ಬಾಡಿಗೆ, ಬಿಲ್ಲು, ಎಲ್ಲ ಕಂತು, ವರ್ಷದ ಖರ್ಚಿನ ಪಾಲು ಕಳೆಯಿರಿ. ಉಳಿದದ್ದರಲ್ಲಿ ದಿನಸಿ, ತರಕಾರಿ, ಓಡಾಟ, ಹೊರಗಿನ ಊಟ, ಕೈಖರ್ಚು ಎಲ್ಲಾ ನಡೆಯಬೇಕು. ಇದಕ್ಕೆ ಹಂತ 3ರ ಪುಸ್ತಕ ನೋಡಿ ಒಂದು ಮೊತ್ತ ನಿಗದಿ ಮಾಡಿ. ಬರೆದ ಖರ್ಚಿಗಿಂತ ಶೇ 10ರಿಂದ 15ರಷ್ಟು ಕಡಿಮೆ ಇದ್ದರೆ ಸಾಕು. ಅರ್ಧಕ್ಕರ್ಧ ಇಳಿಸುತ್ತೇನೆ ಅಂತ ಹೊರಟವರು ಮೂರನೇ ವಾರ ಎಲ್ಲವನ್ನೂ ಬಿಟ್ಟು ಒಂದೇ ಸಂಜೆ ಕಸರು ತೀರಿಸಿಕೊಳ್ಳುತ್ತಾರೆ.

ಈ ಮೊತ್ತವನ್ನು ವಾರಕ್ಕೆ ಹಂಚಿ. ನಾಲ್ಕರಿಂದ ಭಾಗಿಸಬೇಡಿ, ಐದರಿಂದ ಭಾಗಿಸಿ. ನಾಲ್ಕು ವಾರ ಅಂದರೆ 28 ದಿನ. ಗುಂಡಿಗೆ ಬೀಳಿಸುವುದು ಉಳಿದ ಆ ಎರಡು ಮೂರು ದಿನಗಳೇ. ಐದನೇ ಪಾಲಿನಲ್ಲಿ ಏನಾದರೂ ಉಳಿದರೆ ಅದು ಸಾಲಕ್ಕೆ.

ಪ್ರತಿ ಸೋಮವಾರ ಒಂದು ವಾರದ ಪಾಲನ್ನು ಎರಡನೇ ಖಾತೆಗೆ ಹಾಕಿ. ಫೋನಿನಲ್ಲಿ ಹಣ ಕೊಡುವ ಆ್ಯಪ್‌ಗೆ ಈ ಖಾತೆಯನ್ನು ಮಾತ್ರ ಜೋಡಿಸಿ. ಸಂಬಳದ ಖಾತೆ ಅದರಲ್ಲಿ ಇರಲೇಬಾರದು. ಶುಕ್ರವಾರ ಖಾತೆಯಲ್ಲಿ 400 ಉಳಿದಿದೆ ಅಂತ ಕಂಡಾಗ ಯಾರೂ ಉಪದೇಶ ಮಾಡಬೇಕಿಲ್ಲ, ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಮಿತಿ ದಾಟಿದರೆ? ಮುಂದಿನ ವಾರದಿಂದ ಅಷ್ಟನ್ನು ಕಳೆಯಿರಿ, ಸಾಲದ ಕಂತಿನಿಂದ ಕಳೆಯಬೇಡಿ.

ಅಗತ್ಯವಲ್ಲದ ವಸ್ತು ಕೊಳ್ಳುವಾಗ ಇನ್ನೊಂದು ಅಭ್ಯಾಸ ಒಳ್ಳೆಯದು. ಪುಸ್ತಕದ ಕೊನೆಯ ಪುಟದಲ್ಲಿ ಅದರ ಹೆಸರು, ಬೆಲೆ, ಇವತ್ತಿನ ತಾರೀಖು ಬರೆದಿಡಿ. ಏಳು ದಿನ ಬಿಟ್ಟು ನೋಡಿ. ಆಗಲೂ ಬೇಕೆನ್ನಿಸಿದರೆ ವಾರದ ಹಣದಲ್ಲೇ ತೆಗೆದುಕೊಳ್ಳಿ. ರಿಯಾಯಿತಿ ನಾಳೆಗೆ ಮುಗಿಯುತ್ತದೆ ಅಂದರೆ ಮುಗಿಯಲಿ.

ಒಂದು ಮಾತು. ಮನೆಯಲ್ಲಿ ಪ್ರತಿಯೊಬ್ಬರಿಗೂ ಲೆಕ್ಕ ಕೇಳದ ಸ್ವಲ್ಪ ಕೈಖರ್ಚು ಇರಲಿ. ಸಣ್ಣದಾದರೂ ಇರಲಿ. ಪೈಸೆ ಪೈಸೆಗೂ ಉತ್ತರ ಕೊಡಬೇಕಾದ ಕಡೆ ಜನ ಸುಳ್ಳು ಬರೆಯುತ್ತಾರೆ.

## ಹಂತ 6: ಈಗ ಸಾಲದ ಮೇಲೆ ಬೀಳಿ

ಇಲ್ಲಿಯವರೆಗೆ ಬಂದರೆ ಪ್ರತಿ ತಿಂಗಳು ಒಂದು ಮೊತ್ತ ನಿಜವಾಗಿ ಉಳಿಯುತ್ತಿರುತ್ತದೆ. ಅದನ್ನು ಎಲ್ಲ ಸಾಲಕ್ಕೂ ಚೂರು ಚೂರು ಹಂಚಬೇಡಿ. ಎಲ್ಲದಕ್ಕೂ ಕಟ್ಟಲೇಬೇಕಾದಷ್ಟು ಕಟ್ಟಿ, ಹೆಚ್ಚಿನದನ್ನು ಪೂರ್ತಿ ಒಂದೇ ಸಾಲಕ್ಕೆ ಹಾಕಿ.

ಯಾವುದಕ್ಕೆ? ಬಡ್ಡಿ ಅತಿ ಜಾಸ್ತಿ ಇರುವುದಕ್ಕೆ ಹಾಕಿದರೆ ಒಟ್ಟು ಹಣ ಹೆಚ್ಚು ಉಳಿಯುತ್ತದೆ. ಅತಿ ಚಿಕ್ಕ ಬಾಕಿಗೆ ಹಾಕಿದರೆ ಒಂದು ಸಾಲ ಬೇಗ ಮುಗಿದು ಉತ್ಸಾಹ ಬರುತ್ತದೆ, ಅದರ ಕಂತೂ ಕೈಗೆ ಸಿಗುತ್ತದೆ. ಈ ಎರಡರ ಬಗ್ಗೆ ವಾದ ಮುಗಿಯುವುದಿಲ್ಲ. ನನ್ನ ಪ್ರಕಾರ, ಎರಡು ಮೂರು ತಿಂಗಳಲ್ಲಿ ಮುಗಿಯುವ ಚಿಕ್ಕ ಸಾಲ ಇದ್ದರೆ ಅದನ್ನು ಮುಗಿಸಿಬಿಡಿ. ಆಮೇಲೆ ಬಡ್ಡಿಯ ಕ್ರಮದಲ್ಲೇ ಹೋಗಿ. ನೆಂಟರ, ಗೆಳೆಯರ ಸಾಲಕ್ಕೆ ಇದು ಅನ್ವಯಿಸುವುದಿಲ್ಲ. ಅವರ ಜೊತೆ ಕೂತು ಮಾತಾಡಿ, ತಿಂಗಳಿಗೆ ಇಷ್ಟು ಅಂತ ಒಪ್ಪಿಸಿ, ಅದನ್ನು ತಪ್ಪದೆ ಕೊಡಿ.

ಕ್ರೆಡಿಟ್ ಕಾರ್ಡ್ ಇರುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಒಂದು ಲಕ್ಷ ಬಾಕಿ, ತಿಂಗಳಿಗೆ ಶೇ 3 ಬಡ್ಡಿ, ಕಟ್ಟಬೇಕಾದ ಕನಿಷ್ಠ ಮೊತ್ತ ಬಾಕಿಯ ಶೇ 5 ಅಂತಿಟ್ಟುಕೊಳ್ಳಿ. ಮೊದಲ ತಿಂಗಳು 5,000 ಕಟ್ಟಿದಿರಿ. ಅದರಲ್ಲಿ 3,000 ಬಡ್ಡಿಗೇ ಹೋಯಿತು, ಅಸಲು ಇಳಿದದ್ದು 2,000. ಬಾಕಿ ಈಗ 98,000. ಮುಂದಿನ ತಿಂಗಳ ಕನಿಷ್ಠ ಮೊತ್ತ 4,900ಕ್ಕೆ ಇಳಿಯಿತು. ಅದರ ಮುಂದಿನ ತಿಂಗಳು ಇನ್ನೂ ಕಡಿಮೆ. ಕಟ್ಟುವುದು ಸುಲಭವಾಗುತ್ತಾ ಹೋಗುತ್ತದೆ, ಸಾಲ ಮಾತ್ರ ಕರಗುವುದಿಲ್ಲ. 34 ತಿಂಗಳು ಹೀಗೇ ಕಟ್ಟಿದರೂ ಅರ್ಧ ಸಾಲ ಉಳಿದಿರುತ್ತದೆ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಸ್ಟೇಟ್‌ಮೆಂಟ್ ಏನೇ ಹೇಳಲಿ, ಮೊದಲ ತಿಂಗಳ ಆ 5,000ವನ್ನೇ ಇಳಿಸದೆ ಕಟ್ಟಿ. 31 ತಿಂಗಳಿಗೆ ಪೂರ್ತಿ ಸಾಲ ಮುಗಿಯುತ್ತದೆ. 7,000 ಕಟ್ಟಿದರೆ 19 ತಿಂಗಳು. ಕನಿಷ್ಠ ಮೊತ್ತ ಅನ್ನುವುದು ದಂಡ ತಪ್ಪಿಸಿಕೊಳ್ಳಲು ಇರುವ ಗೆರೆ. ಸಾಲ ತೀರಿಸಲು ಅದನ್ನು ನೆಚ್ಚಿಕೊಳ್ಳಬೇಡಿ.

ಒಂದು ಸಾಲ ಮುಗಿದರೆ ಅದಕ್ಕೆ ಕಟ್ಟುತ್ತಿದ್ದ ಪೂರ್ತಿ ಮೊತ್ತವನ್ನು ಮುಂದಿನ ಸಾಲದ ಕಂತಿಗೆ ಸೇರಿಸಿ. ಇಲ್ಲೇ ಜಾಸ್ತಿ ಜನ ಜಾರುವುದು. ‘ಈ ತಿಂಗಳು ಸ್ವಲ್ಪ ಆರಾಮಾಗಿರೋಣ’ ಅಂತ ಆ ಹಣವನ್ನು ಖರ್ಚಿಗೆ ಬಿಟ್ಟರೆ ಎರಡೇ ತಿಂಗಳಲ್ಲಿ ಅದು ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಸಂಬಳ ಬಂದ ಮರುದಿನವೇ ತಾನಾಗಿ ಕಡಿತವಾಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಟ್ಟುಬಿಡಿ.

ಕಂತಿನ ಸಾಲಕ್ಕೆ ಹೆಚ್ಚಿಗೆ ಕಟ್ಟುವಾಗ ಮೂರು ಪ್ರಶ್ನೆ ಕೇಳಿ. ಅವಧಿಗೆ ಮೊದಲೇ ಕಟ್ಟಿದರೆ ಶುಲ್ಕ ಇದೆಯಾ? ಈ ಹಣ ಅಸಲಿಗೆ ಹೋಗುತ್ತದಾ ಅಥವಾ ಮುಂದಿನ ಕಂತಿಗೆ ಮುಂಗಡವಾಗಿ ಇಟ್ಟುಕೊಳ್ಳುತ್ತೀರಾ? ಕಂತು ಇಳಿಯುತ್ತದಾ, ಅವಧಿ ಇಳಿಯುತ್ತದಾ? ಅಸಲಿಗೆ ಹೋಗಬೇಕು, ಕಂತು ಹಾಗೇ ಇದ್ದು ಅವಧಿ ಇಳಿಯಬೇಕು. ಹೀಗೇ ಆಗಲಿ ಅಂತ ಬರಹದಲ್ಲಿ ಕೊಡಿ.

## ಹಂತ 7: ಬಡ್ಡಿ ಇಳಿಸಲು ಕೇಳಿ

ಎರಡು ಮೂರು ತಿಂಗಳು ತಪ್ಪದೆ ಕಟ್ಟಿದ ಮೇಲೆ ಸಾಲ ಕೊಟ್ಟವರಿಗೆ ಫೋನ್ ಮಾಡಿ ಬಡ್ಡಿ ಕಡಿಮೆ ಮಾಡುತ್ತೀರಾ ಅಂತ ಕೇಳಿ. ಒಪ್ಪದಿದ್ದರೂ ನಷ್ಟ ಏನಿಲ್ಲ. ಕಂತು ತಪ್ಪುವುದು ಖಚಿತ ಅನ್ನಿಸಿದರೆ ತಪ್ಪುವ ಮೊದಲೇ ಮಾತಾಡಿ. ತಪ್ಪಿದ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಹಲವು ಸಾಲ ಸೇರಿಸಿ ಕಡಿಮೆ ಬಡ್ಡಿಯ ಒಂದೇ ಸಾಲ ಮಾಡಿಕೊಳ್ಳುವುದು ಒಳ್ಳೆಯದಾ? ಕಂತು ಕಡಿಮೆಯಾಯಿತು ಅನ್ನುವುದನ್ನಷ್ಟೇ ನೋಡಬೇಡಿ. ಅವಧಿ ಎರಡರಷ್ಟಾಗಿದ್ದರೆ ಒಟ್ಟು ಕಟ್ಟುವ ಹಣ ಹೆಚ್ಚೇ ಆಗಬಹುದು. ಕಂತನ್ನು ತಿಂಗಳ ಸಂಖ್ಯೆಯಿಂದ ಗುಣಿಸಿ, ಶುಲ್ಕ ಸೇರಿಸಿ, ಹಳೆಯದರ ಜೊತೆ ಹೋಲಿಸಿ. ಹಂತ 5 ಮೂರು ತಿಂಗಳು ಸರಿಯಾಗಿ ನಡೆಯದ ಹೊರತು ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇಲ್ಲದಿದ್ದರೆ ಹೊಸ ದೊಡ್ಡ ಸಾಲವೂ ಇರುತ್ತದೆ, ಖಾಲಿಯಾದ ಕಾರ್ಡುಗಳೂ ಮತ್ತೆ ತುಂಬುತ್ತವೆ.

‘ಅರ್ಧ ಕಟ್ಟಿ, ಉಳಿದದ್ದು ಮನ್ನಾ’ ಅನ್ನುವ ರಾಜಿಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಒಪ್ಪಿ. ಅದು ಸಾಮಾನ್ಯವಾಗಿ ಸಾಲದ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಒಪ್ಪಿದರೂ ಪತ್ರ ಕೈಗೆ ಬರುವ ಮೊದಲು ಹಣ ಕಟ್ಟಬೇಡಿ. ಮೊದಲೇ ಶುಲ್ಕ ಕೊಡಿ, ನಿಮ್ಮ ಸಾಲ ಮನ್ನಾ ಮಾಡಿಸಿಕೊಡುತ್ತೇವೆ ಅನ್ನುವವರಿಂದ ದೂರ ಇರಿ.

## ಹಂತ 8: ಮುಗಿದ ಸಾಲವನ್ನು ಕಾಗದದಲ್ಲೂ ಮುಗಿಸಿ

ಕೊನೆಯ ಕಂತು ಕಟ್ಟಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ, ಕಾರ್ಡ್ ಬಾಕಿ ಪೂರ್ತಿ ಕಟ್ಟಿದ ಮೇಲೂ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಚಿಕ್ಕ ಮೊತ್ತ ಕಾಣಿಸಬಹುದು. ಅದನ್ನು ಗಮನಿಸದೆ ಬಿಟ್ಟರೆ ದಂಡ ಸೇರಿ ಬೆಳೆಯುತ್ತದೆ. ಬಾಕಿ ಸೊನ್ನೆ ಅಂತ ಕಾಣುವವರೆಗೆ ನೋಡುತ್ತಿರಿ.

ಸಾಲ ತೀರಿದೆ ಅನ್ನುವ ಪತ್ರ ಕೇಳಿ ಪಡೆಯಿರಿ. ಅಡ ಇಟ್ಟ ಕಾಗದ, ವಸ್ತು, ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳಿದ್ದರೆ ವಾಪಸ್ ತನ್ನಿ. ಖಾತೆಯಿಂದ ತಾನಾಗಿ ಕಡಿತವಾಗುವ ಸೂಚನೆ ರದ್ದು ಮಾಡಿಸಿ. ಕೈಸಾಲವಾದರೂ ‘ಪೂರ್ತಿ ಮುಟ್ಟಿತು’ ಅಂತ ಒಂದು ಸಂದೇಶ ಕಳಿಸಲು ಹೇಳಿ.

## ಯೋಜನೆ ಹಳಿ ತಪ್ಪುತ್ತಿರುವ ಗುರುತುಗಳು

- ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತರುತ್ತಿದ್ದೀರಿ.
- ಸತತ ಎರಡು ತಿಂಗಳು ಆಪತ್ತಿನ ಹಣಕ್ಕೆ ಕೈ ಹಾಕಿದ್ದೀರಿ, ವಾಪಸ್ ತುಂಬಿಸಿಲ್ಲ.
- ಪುಸ್ತಕದಲ್ಲಿ ವಾರಗಟ್ಟಲೆ ಖಾಲಿ ಪುಟಗಳಿವೆ.
- ಮನೆಯವರಿಗೆ ಬಿಲ್ಲು ಕಾಣದಂತೆ ಇಡುತ್ತಿದ್ದೀರಿ.
- ಸಾಲ ಕೊಟ್ಟವರ ಫೋನ್ ಎತ್ತಲು ಹೆದರಿಕೆಯಾಗುತ್ತಿದೆ.

ಎರಡು, ಮೂರು, ನಾಲ್ಕನೆಯದು ಮಾತ್ರ ಕಂಡರೆ ಹಂತ 3ಕ್ಕೆ ವಾಪಸ್ ಹೋಗಿ, ಒಂದು ತಿಂಗಳು ಬರೆಯಿರಿ. ವಾರದ ಮಿತಿ ತೀರಾ ಬಿಗಿಯಾಗಿರುವ ಸಾಧ್ಯತೆಯೇ ಜಾಸ್ತಿ.

ಮೊದಲನೆಯದು ಅಥವಾ ಕೊನೆಯದು ಇದ್ದರೆ, ಎಲ್ಲ ಕಂತುಗಳನ್ನು ಕೂಡಿ ನೋಡಿ. ಅಗತ್ಯ ಖರ್ಚು ಕಳೆದ ಮೇಲೆ ಉಳಿಯುವ ಹಣಕ್ಕಿಂತ ಕಂತುಗಳ ಮೊತ್ತವೇ ಹೆಚ್ಚಿದ್ದರೆ ಖರ್ಚು ಬಿಗಿ ಹಿಡಿದು ಪ್ರಯೋಜನವಿಲ್ಲ. ಆದಾಯ ಹೆಚ್ಚಬೇಕು, ಏನಾದರೂ ಮಾರಬೇಕು, ಇಲ್ಲವೇ ಕಂತನ್ನೇ ಮರುಹೊಂದಿಸಬೇಕು. ಅಂಥ ತಿಂಗಳು ಮೊದಲು ಬಾಡಿಗೆ, ಆಹಾರ, ಔಷಧಿ, ಕರೆಂಟು. ಆಮೇಲೆ ಅಡ ಇಟ್ಟದ್ದು ಕೈತಪ್ಪಿಹೋಗುವಂಥ ಸಾಲ. ಕಾರ್ಡ್ ಮತ್ತು ಅಡವಿಲ್ಲದ ಸಾಲಗಳು ಕೊನೆಗೆ. ಎಷ್ಟೇ ಒತ್ತಾಯದ ಕರೆ ಬಂದರೂ ಈ ಸರದಿ ಬದಲಿಸಬೇಡಿ. ಹಂತ 2ರ ಹಾಳೆ ಹಿಡಿದುಕೊಂಡು ಸಾಲದ ಸಲಹೆಗಾರರನ್ನೋ ವಕೀಲರನ್ನೋ ಆ ವಾರವೇ ಹೋಗಿ ನೋಡಿ.